ಕೊಕೇನ್ ಚಟ ಬಿಡಿಸೋಕೆ ಮಾತ್ರೆ ಇದೆಯಾ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಬೆಂಗಳೂರಿನಲ್ಲಿ ಕೆಲಸ. ಮೊದಲು ಶನಿವಾರದ ಪಾರ್ಟಿಯಲ್ಲಿ ಮಾತ್ರ ಕೊಕೇನ್ ತೆಗೆದುಕೊಳ್ಳುತ್ತಿದ್ದನಂತೆ. ಈಗ ಹತ್ತನೇ ತಾರೀಕಿಗೇ ಸಂಬಳ ಖಾಲಿ. ಎರಡು ಸಲ ಬಿಟ್ಟ, ಮತ್ತೆ ಶುರು ಮಾಡಿದ. ಇದಕ್ಕೆ ಮಾತ್ರೆಯೋ ಇಂಜೆಕ್ಷನ್ನೋ ಇದೆಯಾ? ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸ್ ಕೇಸ್ ಆಗುತ್ತಾ?

ಉತ್ತರ: ಮಾತ್ರೆ ಇಲ್ಲ. ಚಿಕಿತ್ಸೆ ಇದೆ. ಇವೆರಡೂ ಒಂದೇ ಅಂದುಕೊಂಡು ಎಷ್ಟೋ ಮನೆಯವರು ದುಡ್ಡನ್ನೂ ತಿಂಗಳುಗಳನ್ನೂ ಕಳೆದುಕೊಳ್ಳುತ್ತಾರೆ. ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಹೆರಾಯಿನ್ ಚಟಕ್ಕೆ ಬ್ಯುಪ್ರೆನಾರ್ಫಿನ್, ಮೆಥಡೋನ್ ಇವೆ. ಕುಡಿತಕ್ಕೆ ನಾಲ್ಟ್ರೆಕ್ಸೋನ್, ಡೈಸಲ್ಫಿರಾಮ್ ಇವೆ. ಕೊಕೇನ್‌ಗೂ ಟೋಪಿರಾಮೇಟ್, ಮೊಡಾಫಿನಿಲ್, ಖಿನ್ನತೆಯ ಮಾತ್ರೆಗಳು ಅಂತ ಬಹಳಷ್ಟು ಪರೀಕ್ಷೆ ಮಾಡಿ ನೋಡಿದ್ದಾರೆ. ಯಾವುದೂ ಒಪ್ಪಿಗೆ ಸಿಗುವಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ವೈದ್ಯರು ನಿದ್ದೆಗೆ, ಖಿನ್ನತೆಗೆ ಮಾತ್ರೆ ಬರೆದುಕೊಡಬಹುದು. ಅದು ಬೇಕಾಗಿಯೂ ಇರಬಹುದು. ಆದರೆ ಚಟ ಬಿಡಿಸುವುದು ಆ ಮಾತ್ರೆಯಲ್ಲ. ‘ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡಿ’ ಎನ್ನುವ ಪುಡಿಗಳ ಹತ್ತಿರವಂತೂ ಹೋಗಲೇಬೇಡಿ.

ತಮ್ಮ ಎರಡು ಸಲ ಬಿಟ್ಟ ಅಂದಿರಿ. ಅಂದರೆ ಅವನಿಗೆ ಬಿಡುವ ಮನಸ್ಸಿದೆ. ಮತ್ತೆ ಯಾಕೆ ಶುರುವಾಯಿತು? ಖುಷಿಯಾದಾಗ ನಮ್ಮ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೊರಬರುತ್ತದೆ. ಕೆಲಸ ಮುಗಿದ ಮೇಲೆ ಜೀವಕೋಶಗಳು ಅದನ್ನು ಒಳಗೆ ಎಳೆದುಕೊಳ್ಳುತ್ತವೆ. ಕೊಕೇನ್ ಆ ಬಾಗಿಲನ್ನೇ ಮುಚ್ಚುತ್ತದೆ. ಡೋಪಮೈನ್ ಹೊರಗೇ ತುಂಬಿಕೊಳ್ಳುತ್ತದೆ. ಮೂಗಿನಲ್ಲಿ ಎಳೆದರೆ ಈ ಅಮಲು 15ರಿಂದ 30 ನಿಮಿಷ ಇರುತ್ತದೆ, ಅಷ್ಟೇ. ಆಮೇಲೆ ಧೊಪ್ಪನೆ ಬಿದ್ದ ಹಾಗೆ. ಅದಕ್ಕೆ ಮತ್ತೊಂದು ಸಲ, ಇನ್ನೊಂದು ಸಲ. ಸಂಬಳ ಹತ್ತನೇ ತಾರೀಕಿಗೆ ಮುಗಿಯುವುದು ಹೀಗೆ.

ಬಹಳ ದಿನ ಇದೇ ನಡೆದರೆ ಸಾಮಾನ್ಯ ಸಂತೋಷಗಳು ಸಪ್ಪೆಯಾಗುತ್ತವೆ. ಅಮ್ಮ ಮಾಡಿದ ಹೋಳಿಗೆ, ಗೆಳೆಯರ ಜೊತೆ ಕ್ರಿಕೆಟ್, ಯಾವುದರಲ್ಲೂ ರುಚಿ ಇರುವುದಿಲ್ಲ. ಕೊಕೇನ್ ಬಿಟ್ಟಾಗ ಕುಡಿತ ಬಿಟ್ಟವರ ಹಾಗೆ ಕೈ ನಡುಗುವುದು, ಫಿಟ್ಸ್ ಬರುವುದು ಸಾಮಾನ್ಯವಾಗಿ ಇರುವುದಿಲ್ಲ. ವಿಪರೀತ ನಿದ್ದೆ, ಹಸಿವು, ಮಂಕು ಬರುತ್ತದೆ. ಹೊರಗಿನವರಿಗೆ ಸುಮ್ನೆ ಸೋಮಾರಿತನದ ಹಾಗೆ ಕಾಣುತ್ತದೆ. ಆದರೆ ಆ ದಿನಗಳಲ್ಲಿ ಸಾಯುವ ಯೋಚನೆ ಬರುವುದುಂಟು. ದಯವಿಟ್ಟು ಒಬ್ಬನನ್ನೇ ಬಿಡಬೇಡಿ.

ಕೊಕೇನ್ ಜೊತೆಗೆ ಬಿಯರ್, ಮದ್ಯ ಕುಡಿಯುತ್ತಾನಾ ಎಂದೂ ಕೇಳಿ ನೋಡಿ. ಎರಡೂ ಒಟ್ಟಿಗೆ ಸೇರಿದರೆ ಯಕೃತ್ತಿನಲ್ಲಿ ಕೋಕಎಥಿಲೀನ್ ಅಂತ ಒಂದು ವಸ್ತು ಹುಟ್ಟುತ್ತದೆ. ಅದು ಕೊಕೇನ್‌ಗಿಂತ ಜಾಸ್ತಿ ಹೊತ್ತು ಮೈಯಲ್ಲಿದ್ದು ಹೃದಯಕ್ಕೆ ಹೊರೆಯಾಗುತ್ತದೆ. ಕೊಕೇನ್ ಒಂದೇ ಆದರೂ ಹೃದಯಕ್ಕೆ ಅಪಾಯ ಇದ್ದೇ ಇದೆ. ಕೊಕೇನ್ ತೆಗೆದುಕೊಂಡ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು 24 ಪಟ್ಟು ಏರುತ್ತದೆ ಎಂದು ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎದೆ ನೋವು ಬಂದರೆ ಗ್ಯಾಸ್ಟ್ರಿಕ್ ಅಂತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಕೊಕೇನ್ ವಿಷಯ ಮುಚ್ಚಿಡದೆ ಹೇಳಿ. ಅದು ಗೊತ್ತಾದರೆ ವೈದ್ಯರು ಕೊಡುವ ಔಷಧಿಯೇ ಬೇರೆಯಾಗಬಹುದು.

ಇನ್ನು ಚಿಕಿತ್ಸೆ. ಅತಿ ಗಟ್ಟಿ ಪುರಾವೆ ಇರುವ ವಿಧಾನ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಅಮೆರಿಕದ ವರ್ಮಾಂಟ್‌ನಲ್ಲಿ ಸ್ಟೀಫನ್ ಹಿಗಿನ್ಸ್ ಮತ್ತು ಜೊತೆಯವರು 1990ರ ದಶಕದಲ್ಲಿ ಇದನ್ನು ರೂಪಿಸಿದರು. ವಾರಕ್ಕೆ ಮೂರು ಸಲ ಮೂತ್ರ ಪರೀಕ್ಷೆ. ಕೊಕೇನ್‌ನ ಗುರುತು ಮೂತ್ರದಲ್ಲಿ ಸಾಮಾನ್ಯವಾಗಿ ಎರಡು-ಮೂರು ದಿನ ಸಿಗುವುದರಿಂದ ಈ ಲೆಕ್ಕ. ಪರೀಕ್ಷೆಯಲ್ಲಿ ಕೊಕೇನ್ ಇಲ್ಲ ಅಂತ ಬಂದರೆ ಒಂದು ಸಣ್ಣ ಕೂಪನ್. ಸತತವಾಗಿ ಇಲ್ಲ ಅಂತ ಬರುತ್ತಾ ಹೋದರೆ ಕೂಪನ್ ಬೆಲೆ ಏರುತ್ತದೆ. ಒಂದು ಸಲ ತಪ್ಪಿದರೆ ಮತ್ತೆ ಮೊದಲಿನಿಂದ. ಕೈಗೆ ನಗದು ಕೊಡುವುದಿಲ್ಲ, ಬೇಕಾದ ವಸ್ತು ಕೊಡಿಸುತ್ತಾರೆ.

‘ಬಿಟ್ಟಿದ್ದಕ್ಕೆ ಲಂಚ ಕೊಡಬೇಕಾ?’ ಅನ್ನಿಸುತ್ತೆ ಅಲ್ವಾ? ಓದಿದಾಗ ನನಗೂ ಹಾಗೇ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಅವನ ಮಿದುಳಿಗೆ ‘ಐದು ವರ್ಷದ ನಂತರ ಒಳ್ಳೆಯ ಬದುಕು’ ಎಂಬ ಮಾತು ಬಹಳ ದೂರದ್ದು. ಕೊಕೇನ್ ಕೆಲವೇ ನಿಮಿಷದಲ್ಲಿ ಖುಷಿ ಕೊಡುತ್ತದೆ. ಅದರ ಎದುರು ನಿಲ್ಲಲು ಇವತ್ತೇ ಕೈಗೆ ಸಿಗುವ ಒಂದು ಒಳ್ಳೆಯದು ಬೇಕು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು 2011ರಿಂದ ಇದನ್ನು ದೊಡ್ಡದಾಗಿ ಜಾರಿಗೆ ತಂದವು. ನಮ್ಮಲ್ಲಿ ಇದೇ ರೂಪದಲ್ಲಿ ಎಲ್ಲ ಕಡೆ ಸಿಗುವುದಿಲ್ಲ. ವೈದ್ಯರನ್ನು ಕೇಳಿ ಮನೆಯ ಮಟ್ಟಿಗೆ ಅಳವಡಿಸಿಕೊಳ್ಳಬಹುದು. ಇದರ ಜೊತೆಗೆ ಕೌನ್ಸೆಲಿಂಗ್ ಇರಬೇಕು. ಸಂಬಳ ಜಮಾ ಆದ ಮೆಸೇಜ್, ಒಬ್ಬ ಗೆಳೆಯನ ಫೋನ್, ಶನಿವಾರದ ಸಂಜೆ, ಆಸೆ ಎಲ್ಲಿಂದ ಏಳುತ್ತದೆ ಎಂದು ಹುಡುಕಿ, ಆ ಗಳಿಗೆಗೆ ಬೇರೆ ದಾರಿ ಕಲಿಸುತ್ತಾರೆ. ಕೆಲವರು ಸಂಬಳದ ಖಾತೆಯನ್ನೇ ಕೆಲವು ತಿಂಗಳು ಅಕ್ಕನಿಗೋ ಹೆಂಡತಿಗೋ ಒಪ್ಪಿಸುತ್ತಾರೆ. ಅವನೇ ಒಪ್ಪಿದರೆ ಅದು ಒಳ್ಳೆಯ ಉಪಾಯ.

ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಧಾರವಾಡದ ಕಡೆಯವರಿಗೆ ಅಲ್ಲಿನ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಖಾಸಗಿ ಡಿ-ಅಡಿಕ್ಷನ್ ಸೆಂಟರ್‌ಗೆ ಸೇರಿಸುವುದಾದರೆ ಮನೋವೈದ್ಯರು ಇದ್ದಾರಾ, ನೋಂದಣಿ ಆಗಿದೆಯಾ ಕೇಳಿ. ಹೊಡೆಯುವುದು, ಕಟ್ಟಿಹಾಕುವುದು ಚಿಕಿತ್ಸೆಯಲ್ಲ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ರೋಗಿಯ ವಿಷಯ ಗುಟ್ಟಾಗಿಡಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ.

ಪೊಲೀಸ್ ಭಯಕ್ಕೆ ಬರೋಣ. ಕೊಕೇನ್ ಸೇವನೆ ಅಪರಾಧವೇ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಆದರೆ ಅದೇ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಆರೋಪ ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ದೊಡ್ಡ ಪ್ರಮಾಣದ ಮಾಲು ಸಿಕ್ಕ ಪ್ರಕರಣಕ್ಕೆ ಇದು ಅನ್ವಯಿಸುವುದಿಲ್ಲ.

ತಮ್ಮ ಬರಲ್ಲ ಅಂದರೆ ನೀವೊಬ್ಬರೇ ಹೋಗಿ. ಬೈಯದೆ, ಅವನ ಸಾಲವನ್ನೂ ತೀರಿಸದೆ ಅವನ ಜೊತೆ ಹೇಗೆ ಮಾತಾಡಬೇಕು ಎಂಬುದನ್ನು ಮನೆಯವರಿಗೂ ಕಲಿಸುತ್ತಾರೆ. ಹಾಗೆ ಕಲಿತ ಮನೆಗಳಿಂದ ಚಿಕಿತ್ಸೆಗೆ ಬರುವವರು ಜಾಸ್ತಿ. ಇವತ್ತೇ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416, ವ್ಯಸನದ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ. ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.