ಹಡಗು ‘ಫುಲ್’ ಅಂದರೆ ಎಷ್ಟು? ಕ್ರೂಸ್ ಬುಕಿಂಗ್‌ಗೆ ಮುನ್ನ ನೋಡಬೇಕಾದ ಲೆಕ್ಕ

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವ ಬಸ್ಸನ್ನು ನೆನಪಿಸಿಕೊಳ್ಳಿ. ಸೀಟೆಲ್ಲ ಭರ್ತಿಯಾದ ಮೇಲೂ ಹತ್ತಿಪ್ಪತ್ತು ಜನ ನಿಂತಿರುತ್ತಾರೆ. ಕ್ರೂಸ್ ಉದ್ಯಮದ ‘ಶೇ 100 ಭರ್ತಿ’ ಕೂಡ ಸೀಟಿನ ಲೆಕ್ಕ ಮಾತ್ರ. ಕ್ಯಾಬಿನ್ನಿಗೆ ಇಬ್ಬರಂತೆ ಹಿಡಿದರೆ ಅದು 100. ಗೋಡೆಯಿಂದ ಬಿಚ್ಚುವ ಮೇಲಿನ ಮಂಚಕ್ಕೊಬ್ಬರು, ಸೋಫಾ ಹಾಸಿಗೆಗೊಬ್ಬರು ಬಂದರೆ ನೂರು ದಾಟುತ್ತದೆ. 2024ರಲ್ಲಿ ಸಂಚಾರ ಶುರುಮಾಡಿದ ‘ಐಕಾನ್ ಆಫ್ ದಿ ಸೀಸ್’ ಹಡಗಿನಲ್ಲಿ 2,805 ಕ್ಯಾಬಿನ್. ಇಬ್ಬರಂತೆ 5,610 ಜನ. ಗರಿಷ್ಠ ಮಿತಿ 7,600. ಅಂದರೆ ಸುಮಾರು ಶೇ 135. ಪ್ರವಾಸ ಏಜೆಂಟರಾಗಲು ಓದುವ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ‘ಆಕ್ಯುಪೆನ್ಸಿ (ಭರ್ತಿ ಪ್ರಮಾಣ) 108’ ಎಂದು ಕಂಡರೆ ಮುದ್ರಣದೋಷ ಅಂದುಕೊಳ್ಳಬೇಡಿ. ನಾನು ಹಾಗೇ ಅಂದುಕೊಂಡು ಅಂಕ ಕಳೆದುಕೊಂಡೆ.

ಈ ಲೆಕ್ಕವನ್ನು ಕಂಪನಿ ಗಿರಾಕಿಗೆ ಹೇಳುವುದಿಲ್ಲ. ಫೋನ್ ಮಾಡಿದರೆ ‘ಕೆಲವೇ ಕ್ಯಾಬಿನ್ ಉಳಿದಿವೆ’ ಎಂಬ ಉತ್ತರ. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಹಿಂದೆ ಇನ್ನೊಂದು ಬುಟ್ಟಿ ಬಂಗಡೆ ಇಟ್ಟುಕೊಂಡೇ ‘ಇಷ್ಟೇ ಉಳಿದದ್ದು’ ಅನ್ನುವುದಿಲ್ಲವೇ, ಹಾಗೆ.

ಆದ್ದರಿಂದ ಸುಳ್ಳು ಬುಕಿಂಗ್ ಮಾಡಿ ನೋಡಬೇಕು. ಕಂಪನಿಯ ಜಾಲತಾಣದಲ್ಲಿ ದಿನಾಂಕ ಆರಿಸಿ, ಇಬ್ಬರು ಎಂದು ಹಾಕಿ, ಹಣ ಕಟ್ಟುವ ಪುಟದ ತನಕ ಹೋಗಿ ನಿಲ್ಲಿ. ಒಳಗಿನ ಕ್ಯಾಬಿನ್, ಕಿಟಕಿಯದು, ಬಾಲ್ಕನಿಯದು: ಯಾವ ದರ್ಜೆ ಮುಗಿದಿದೆ, ಯಾವುದರಲ್ಲಿ ಸಂಖ್ಯೆ ಕೊಡದೆ ‘ಗ್ಯಾರಂಟಿ’ ಮಾತ್ರ ಇದೆ, ಬರೆದುಕೊಳ್ಳಿ. ಗ್ಯಾರಂಟಿ ಎಂದರೆ ದರ್ಜೆ ಖಚಿತ, ಕ್ಯಾಬಿನ್ ಯಾವುದೆಂದು ಆಮೇಲೆ ಅವರೇ ಗೊತ್ತುಮಾಡುತ್ತಾರೆ.

ಈಗ ಅದನ್ನೇ ನಾಲ್ವರು ಎಂದು ಹಾಕಿ. ಇಬ್ಬರಿಗೆ ಸಿಕ್ಕಿದ್ದು ನಾಲ್ವರಿಗೆ ಸಿಗದಿದ್ದರೆ ಎರಡು ಕಾರಣ ಇರಬಹುದು. ನಾಲ್ಕು ಹಾಸಿಗೆಯ ಕ್ಯಾಬಿನ್‌ಗಳು ಮುಗಿದಿರಬಹುದು, ಇಲ್ಲವೇ ಜೀವರಕ್ಷಕ ದೋಣಿಗಳ ಲೆಕ್ಕ ಮುಟ್ಟಿರಬಹುದು. 1912ರ ಟೈಟಾನಿಕ್ ದುರಂತದ ನಂತರ 1914ರಲ್ಲಿ ಬಂದ ಅಂತರರಾಷ್ಟ್ರೀಯ ಒಪ್ಪಂದದಿಂದ ಬೆಳೆದ ನಿಯಮವಿದು: ರಕ್ಷಣಾ ಸಾಧನಗಳಲ್ಲಿ ಜಾಗ ಇರುವಷ್ಟೇ ಜನ. ಹಾಗಾಗಿ ಹಾಸಿಗೆ ಖಾಲಿ ಇದ್ದರೂ ಮೂರನೆಯವರಿಗೆ ಬಾಗಿಲು ಮುಚ್ಚಬಹುದು. ನನಗಂತೂ ಇಡೀ ಪಾಠದಲ್ಲಿ ಇದೇ ಹೆಚ್ಚು ರುಚಿಸಿತು.

ಆದರೆ ಪರದೆಯ ಮೇಲೆ ಕಾಣುವುದು ಮಾರಾಟಕ್ಕಿಟ್ಟ ಕ್ಯಾಬಿನ್, ಖಾಲಿ ಇರುವ ಕ್ಯಾಬಿನ್ನೆಲ್ಲ ಅಲ್ಲ. ನಮ್ಮ ಪಂಚಗಂಗಾ ರೈಲಿನಲ್ಲಿ ಒಂದು ಕೋಟಾದಲ್ಲಿ ವೇಟಿಂಗ್ ಲಿಸ್ಟ್ ಇದ್ದಾಗಲೇ ಇನ್ನೊಂದರಲ್ಲಿ ಬರ್ತ್ ಇರಬಹುದಲ್ಲ! ಶಿರಸಿಯ ಏಜೆಂಟರೊಬ್ಬರು ಅಡಿಕೆ ಬೆಳೆಗಾರರ ಗುಂಪಿಗೆಂದು 40 ಕ್ಯಾಬಿನ್ ಹಿಡಿದಿಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಹೋಗುವವರು 25 ಜೋಡಿಯಾದರೆ ಉಳಿದ 15 ಕ್ಯಾಬಿನ್ ಕೊನೆಯ ಕಂತಿನ ಗಡುವಿನ ಹೊತ್ತಿಗೆ ವಾಪಸ್ ಬರುತ್ತವೆ. ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ಈ ಗಡುವು ಸಾಮಾನ್ಯವಾಗಿ ಪ್ರಯಾಣಕ್ಕೆ 75ರಿಂದ 120 ದಿನ ಮೊದಲು. ಒಮ್ಮೆ ನೋಡಿ ತೀರ್ಮಾನಿಸಬೇಡಿ. ಗಡುವಿನ ಮೊದಲೊಮ್ಮೆ, ಮುಗಿದ ವಾರ ಮತ್ತೊಮ್ಮೆ ಅದೇ ಪರೀಕ್ಷೆ ಮಾಡಿ. ದರ ಇಳಿದು, ಮುಗಿದಿದ್ದ ದರ್ಜೆ ಮತ್ತೆ ತೆರೆದರೆ ಹಡಗು ಸಡಿಲವಾಗಿದೆ. ಮೇಲಿನ ದರ್ಜೆಗೆ ಹರಾಜು ಕೂಗಿ ಎಂಬ ಇಮೇಲ್ ಅಷ್ಟು ನಂಬಲರ್ಹ ಸುಳಿವಲ್ಲ, ಅದನ್ನು ಎಲ್ಲರಿಗೂ ಕಳಿಸುತ್ತಾರೆ.

ಕಾರವಾರದವರಿಗೆ ಹತ್ತಿರದ ಕ್ರೂಸ್ ಬಂದರು ಗೋವಾದ ಮಾರ್ಮಗೋವಾ. ದಸರಾ, ದೀಪಾವಳಿ, ಕ್ರಿಸ್‌ಮಸ್ ರಜೆಯ ಹಡಗಿಗೆ ಗಿರಾಕಿಯೊಬ್ಬರು ‘ಗದ್ದಲ ಬೇಡ ಮಾರಾಯ್ರೆ’ ಅಂದರೆ ಇಬ್ಬರ ಕ್ಯಾಬಿನ್ ಸಿಕ್ಕಿತೆಂದು ಖುಷಿಪಡಿಸಬೇಡಿ. ಮೊದಲು ನಾಲ್ವರ ಪರೀಕ್ಷೆ ಮಾಡಿ. ಅದು ಸಿಗಲಿಲ್ಲವೆಂದರೆ ನಾಲ್ಕು ಹಾಸಿಗೆಯ ಕ್ಯಾಬಿನ್‌ಗಳನ್ನು ಕುಟುಂಬಗಳು ಹಿಡಿದಿರುತ್ತವೆ, ಈಜುಕೊಳದ ತುಂಬ ಮಕ್ಕಳೇ ಇರುತ್ತಾರೆಂದು ಆಗಲೇ ಹೇಳಿಬಿಡಿ.