ನಾಲಗೆಗೂ ಒಂದು ಊರಿದೆ

ಕೆಲಸದ ನಿಮಿತ್ತ ಘಟ್ಟದ ಮೇಲಿನಿಂದ ಉಡುಪಿಗೆ ಬಂದವರಿಗೆ ತುಳುವಿಗಿಂತಲೂ ಮೊದಲು ಎದುರಾಗುವ ಪರೀಕ್ಷೆ ಕುಚ್ಚಲಕ್ಕಿ ಅನ್ನ. ಉಮಿ ಸಹಿತ ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಥಯಾಮಿನ್ ಎಂಬ ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ ಎಂದು ಎಷ್ಟು ವಿವರಿಸಿದರೂ ಹೊಸಬರ ಮೂಗಿಗೆ ಸಮಾಧಾನವಾಗುವುದಿಲ್ಲ. ನಾವು ಪರಿಮಳವೆನ್ನುವುದನ್ನೇ ಅವರು ಮುಗ್ಗಲು ವಾಸನೆ ಎನ್ನುತ್ತಾರೆ.

ಇದು ಬರಿಯ ಅಭ್ಯಾಸವೆಂದು ತಳ್ಳಿಹಾಕುವಂಥದ್ದಲ್ಲ. ನೋಟ ಮತ್ತು ಶ್ರವಣಗಳ ಸಂದೇಶಗಳು ಥಲಾಮಸ್ ಎಂಬ ನಡುಮನೆಯನ್ನು ಹಾದು ಮಿದುಳಿನ ಹೊರಪದರವನ್ನು ಸೇರಿದರೆ, ವಾಸನೆಯ ಸಂದೇಶಕ್ಕೆ ಆ ನಡುಮನೆಯನ್ನು ಹಾಯದೆ, ಭಾವನೆಗಳೊಡನೆ ನಂಟಿರುವ ಅಮಿಗ್ಡಾಲಾವನ್ನು ನೇರವಾಗಿ ತಲುಪುವ ದಾರಿಯಿದೆ. ಊರು ಬಿಟ್ಟು ಮೂವತ್ತು ವರ್ಷ ಮುಂಬಯಿಯಲ್ಲಿ ಕಳೆದವರಿಗೂ ಗಂಜಿಯ ಹಬೆ ತಾಗಿದೊಡನೆ ಕಣ್ಣು ತುಂಬಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ರುಚಿಯ ಈ ಪಾಠ ಆರಂಭವಾಗುವುದು ಹುಟ್ಟುವ ಮೊದಲೇ. ತಾಯಿ ತಿಂದ ಬೆಳ್ಳುಳ್ಳಿಯ ಗಂಧವು ಶಿಶು ತೇಲುವ ಗರ್ಭಜಲದಲ್ಲಿ ಸೇರುತ್ತದೆ ಎಂದು ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು ತೋರಿಸಿದರು. 2001ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನದಲ್ಲಿ, ಬಸಿರಿನ ಕೊನೆಯ ತಿಂಗಳುಗಳಲ್ಲಿ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು, ಮುಂದೆ ಕ್ಯಾರೆಟ್ ರುಚಿಯ ಹಿಟ್ಟನ್ನು ಉಣ್ಣಿಸಿದಾಗ ಮುಖ ಸಿಂಡರಿಸಿದ್ದು ಕಡಿಮೆ. ಹಾಗಾದರೆ ಬೆಳ್ಳುಳ್ಳಿ ಒಗ್ಗರಣೆಯ ಮನೆಯ ಕೂಸೂ, ಮಠದ ಸಂಪ್ರದಾಯದಂತೆ ಬೆಳ್ಳುಳ್ಳಿಯನ್ನು ಅಡಿಗೆಮನೆಗೆ ಸೇರಿಸದ ಮನೆಯ ಕೂಸೂ ಬೇರೆಬೇರೆ ನಾಲಗೆಗಳನ್ನು ಹೊತ್ತೇ ಲೋಕಕ್ಕೆ ಬರುತ್ತವೆ ಎನ್ನಬೇಕಾಗುತ್ತದೆ.

ಇಷ್ಟಾನಿಷ್ಟಗಳು ಮೌಲ್ಯಗಳಾಗುವ ಹಂತ ಇನ್ನೂ ಕುತೂಹಲಕರವಾದದ್ದು. ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಹೋದ್ಯೋಗಿಗಳು ಆರೋಗ್ಯಕ್ಕಾಗಿ ಮಾಂಸ ಬಿಟ್ಟವರನ್ನೂ ನೈತಿಕ ಕಾರಣಕ್ಕೆ ಬಿಟ್ಟವರನ್ನೂ ಹೋಲಿಸಿದಾಗ, ಎರಡನೆಯವರಲ್ಲೇ ಮಾಂಸದ ಬಗೆಗಿನ ಅಸಹ್ಯ ಹೆಚ್ಚು ಕಂಡಿತು. ಅಸಹ್ಯವು ನಂಬಿಕೆಗೆ ಕಾವಲು ನಿಲ್ಲುತ್ತದೆ. ಮಂಗಳೂರಿನ ಒಂದೇ ಓಣಿಯಲ್ಲಿ ಬಂಗುಡೆ ಹುರಿಯುವ ವಾಸನೆಗೆ ಒಬ್ಬರ ಬಾಯಲ್ಲಿ ನೀರೂರುವುದು, ಇನ್ನೊಬ್ಬರು ಕಿಟಕಿ ಮುಚ್ಚುವುದು ಇಷ್ಟರಿಂದ ಅರ್ಥವಾಗುತ್ತದೆ. ಆದರೆ ಮೀನು ತಿನ್ನುವವರಿಗೆ ಬಾಡಿಗೆಗೆ ಮನೆಯಿಲ್ಲ ಎನ್ನುವುದಕ್ಕೆ ಮಿದುಳನ್ನು ಹೊಣೆ ಮಾಡುವುದು ನನಗೆ ಒಪ್ಪಿತವಲ್ಲ, ಏಕೆಂದರೆ ಕಲಿತ ನಾಲಗೆ ಮತ್ತೆ ಕಲಿಯಬಲ್ಲದು.

ಅದಕ್ಕೆ ಮೆಣಸೇ ಸಾಕ್ಷಿ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಕೆರಳಿಸುವುದು ರುಚಿಯನ್ನು ಗ್ರಹಿಸುವ ಪ್ರೋಟೀನನ್ನು, ಅಂದರೆ ರುಚಿಯ ಗ್ರಾಹಕವನ್ನಲ್ಲ, ಸುಡುವ ಬಿಸಿಯನ್ನು ಗುರುತಿಸುವ ಗ್ರಾಹಕವನ್ನು. 1997ರಲ್ಲಿ ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡ ಪತ್ತೆಹಚ್ಚಿದ ಈ ಸಂಗತಿಗೆ 2021ರ ನೊಬೆಲ್‌ನಲ್ಲಿ ಪಾಲು ದೊರೆಯಿತು. ಯಾವ ಮಗುವೂ ಮೆಚ್ಚದ ಆ ಉರಿಯನ್ನು, ಅದೂ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದದ್ದನ್ನು, ಕರಾವಳಿ ಹುಳಿಖಾರದ ಪುಳಿಮುಂಚಿಯಾಗಿ, ಕೋರಿ ರೊಟ್ಟಿಯ ಕೋಳಿಸಾರಾಗಿ ತನ್ನ ಗುರುತೆಂದೇ ಬಗೆಯಿತು. ಮುಂಚಿ ಎಂದರೆ ತುಳುವಿನಲ್ಲಿ ಇಂದು ಮೆಣಸಿನಕಾಯಿ. ಇಲ್ಲಿಯದೇ ಬಳ್ಳಿಯಾದ ಕರಿಮೆಣಸು ಈಗ ‘ಎಡ್ಡೆ ಮುಂಚಿ’, ಅಂದರೆ ಒಳ್ಳೆಮೆಣಸು, ಎಂಬ ವಿಶೇಷಣ ಹೊತ್ತು ನಿಂತಿದೆ. ಎಷ್ಟೋ ಬ್ರಾಹ್ಮಣ ಮನೆಗಳಲ್ಲಿ ಶ್ರಾದ್ಧದ ದಿನ ಮಾತ್ರ, ಹಿರಿಯರಿಗೆ ಬಡಿಸುವ ಎಲೆಯಲ್ಲಿ, ಖಾರವೆಲ್ಲ ಅದರದೇ.