ಡಬ್ಬಿಯ ಮೇಲಿನ ಮೆಗ್ನೀಸಿಯಮ್, ಮೈಗೆ ಹತ್ತುವ ಮೆಗ್ನೀಸಿಯಮ್

ಓದುಗರ ಪ್ರಶ್ನೆ: ಮೆಗ್ನೀಸಿಯಮ್ ಮಾತ್ರೆ ಕೊಳ್ಳಲು ಹೊರಟರೆ ಆಕ್ಸೈಡ್, ಸಿಟ್ರೇಟ್, ಗ್ಲೈಸಿನೇಟ್, ಮ್ಯಾಲೇಟ್, ಥ್ರಿಯೋನೇಟ್ ಎಂದು ಸಾಲುಸಾಲು ಹೆಸರುಗಳು. ಎಲ್ಲದರ ಮೇಲೂ ಶುದ್ಧ, ಅತ್ಯುತ್ತಮ ಎಂದೇ ಬರೆದಿರುತ್ತದೆ. ಇವುಗಳಲ್ಲಿ ನಿಜವಾಗಿ ಶುದ್ಧವಾದದ್ದು ಯಾವುದು, ಕೆಲಸ ಮಾಡುವುದು ಯಾವುದು? ಗುರುತಿಸುವುದು ಹೇಗೆ?

ಉತ್ತರ: ಮೂತ್ರಪಿಂಡಗಳು ಆರೋಗ್ಯವಾಗಿರುವ ಬಹುತೇಕರಿಗೆ ಸಿಟ್ರೇಟ್ ಅಥವಾ ಗ್ಲೈಸಿನೇಟ್, ಈ ಎರಡರಲ್ಲಿ ಒಂದು ಸಾಕು. ಮಲಬದ್ಧತೆಯೂ ಕಾಡುತ್ತಿದ್ದರೆ ಸಿಟ್ರೇಟ್. ಸ್ವಲ್ಪಕ್ಕೇ ಹೊಟ್ಟೆ ಕೆಡುವ ದೇಹವಾದರೆ ಗ್ಲೈಸಿನೇಟ್. ಆದರೆ ಹೆಸರನ್ನಷ್ಟೇ ನೋಡಿ ಕೊಳ್ಳಬೇಡಿ. ಡಬ್ಬಿಯ ಮುಂಭಾಗದಲ್ಲಿ ದೊಡ್ಡದಾಗಿ ಅಚ್ಚಾದ ಹೆಸರಿಗೂ ಒಳಗಿರುವ ಪುಡಿಗೂ ಹೊಂದಿಕೆ ಇದೆಯೇ ಎಂಬುದನ್ನು ಸಣ್ಣ ಗುಣಾಕಾರವೊಂದರಿಂದ ನೀವೇ ಪರೀಕ್ಷಿಸಬಹುದು. ಕೊಳ್ಳುವವರು ಮೋಸಹೋಗುವುದು ಬಹುಮಟ್ಟಿಗೆ ಇಲ್ಲಿಯೇ ಆದ್ದರಿಂದ ಆ ಲೆಕ್ಕವನ್ನು ಮೊದಲು ಬಿಡಿಸಿ ಹೇಳುತ್ತೇನೆ.

ಮೆಗ್ನೀಸಿಯಮ್ ಒಂದು ಲೋಹ. ಅದನ್ನು ಹಾಗೆಯೇ ಯಾರೂ ನುಂಗುವುದಿಲ್ಲ. ಆಮ್ಲಜನಕ, ಸಿಟ್ರಿಕ್ ಆಮ್ಲ, ಗ್ಲೈಸಿನ್ ಎಂಬ ಅಮೈನೋ ಆಮ್ಲ ಹೀಗೆ ಯಾವುದಾದರೊಂದರ ಜೊತೆ ಬೆಸೆದ ಸಂಯುಕ್ತವಾಗಿಯೇ ಅದು ಮಾತ್ರೆಯೊಳಗೆ ಸೇರುತ್ತದೆ. ಹಾಗಾಗಿ ಸಂಯುಕ್ತದ ತೂಕ ಬೇರೆ, ಅದರೊಳಗಿನ ಮೆಗ್ನೀಸಿಯಮ್ ತೂಕ ಬೇರೆ. ಗಾಡಿಯ ತೂಕವನ್ನೂ ಸೇರಿಸಿ ಸರಕಿನ ತೂಕ ಇಷ್ಟು ಎಂದು ಹೇಳಿದರೆ ಹೇಗೋ, ಸಂಯುಕ್ತದ ತೂಕವನ್ನು ಮೆಗ್ನೀಸಿಯಮ್ ತೂಕವೆಂದು ಓದಿಕೊಂಡರೂ ಹಾಗೆಯೇ. ಮೆಗ್ನೀಸಿಯಮ್ ಆಕ್ಸೈಡಿನ ತೂಕದಲ್ಲಿ ಸುಮಾರು 60 ಶೇಕಡಾ ಮೆಗ್ನೀಸಿಯಮ್. ನೀರಿನ ಅಂಶವಿಲ್ಲದ ಸಿಟ್ರೇಟಿನಲ್ಲಿ ಅದು 16 ಶೇಕಡಾ, ಗ್ಲೈಸಿನೇಟಿನಲ್ಲಿ 14, ಕ್ಲೋರೈಡಿನ ಸಾಮಾನ್ಯ ಹರಳುಗಳಲ್ಲಿ 12, ಟಾರೇಟಿನಲ್ಲಿ 9ರ ಆಸುಪಾಸು, ಥ್ರಿಯೋನೇಟಿನಲ್ಲಿ 8ಕ್ಕೆ ಸ್ವಲ್ಪ ಹೆಚ್ಚು. ಇವು ಯಾವ ತಯಾರಕರೂ ಬದಲಿಸಲಾಗದ ಸಂಖ್ಯೆಗಳು; ಪರಮಾಣುಗಳ ತೂಕದಿಂದಲೇ ಹುಟ್ಟುವಂಥವು.

ಈಗ ಡಬ್ಬಿಯನ್ನು ತಿರುಗಿಸಿ ಹಿಂಭಾಗ ಓದಿ. ‘ಮೆಗ್ನೀಸಿಯಮ್ ಗ್ಲೈಸಿನೇಟ್ 1000 ಮಿಲಿಗ್ರಾಂ’ ಎಂದಿದ್ದರೆ ನಿಮಗೆ ಸಿಗುವ ಮೆಗ್ನೀಸಿಯಮ್ ಸುಮಾರು 140 ಮಿಲಿಗ್ರಾಂ. ಪ್ರಾಮಾಣಿಕವಾದ ಲೇಬಲ್ ಎರಡನ್ನೂ ಹೇಳುತ್ತದೆ: ಸಂಯುಕ್ತ ಎಷ್ಟು, ಅದರಿಂದ ದೊರೆಯುವ ಮೆಗ್ನೀಸಿಯಮ್ ಎಷ್ಟು. ಎರಡನೆಯದನ್ನು ‘ಎಲಿಮೆಂಟಲ್ ಮೆಗ್ನೀಸಿಯಮ್’ ಎಂದು ಬರೆದಿರುವುದುಂಟು. ಎರಡರಲ್ಲಿ ಒಂದನ್ನು ಮಾತ್ರ ಬರೆದು, ಅದು ಯಾವುದೆಂದು ತಿಳಿಸದ ಡಬ್ಬಿಯನ್ನು ನಾನಾದರೆ ಅಲ್ಲಿಯೇ ಇಟ್ಟುಬಿಡುತ್ತೇನೆ.

ಇದೇ ಲೆಕ್ಕದಿಂದ ಬೆರಕೆಯೂ ಬಯಲಾಗುತ್ತದೆ. 500 ಮಿಲಿಗ್ರಾಂ ‘ಗ್ಲೈಸಿನೇಟ್’ ಪುಡಿ 150 ಮಿಲಿಗ್ರಾಂ ಮೆಗ್ನೀಸಿಯಮ್ ಕೊಡುತ್ತದೆ ಎಂದು ಬರೆದಿದೆ ಎನ್ನಿ. ಅಂದರೆ 30 ಶೇಕಡಾ. ಬರೀ ಗ್ಲೈಸಿನೇಟ್ ಆಗಿದ್ದರೆ 70 ಮಿಲಿಗ್ರಾಂ ಮೀರುವಂತಿಲ್ಲ. ಉಳಿದದ್ದು ಎಲ್ಲಿಂದ ಬಂತು? ಸಾಮಾನ್ಯವಾಗಿ ಆಕ್ಸೈಡಿನಿಂದ. ಇಂಥ ಮಿಶ್ರಣಕ್ಕೆ ‘ಬಫರ್ಡ್’ ಗ್ಲೈಸಿನೇಟ್ ಎಂಬ ಹೆಸರಿದೆ. ಕೆಲವರು ಅದನ್ನು ನಮೂದಿಸುತ್ತಾರೆ, ಕೆಲವರು ಸುಮ್ಮನಿರುತ್ತಾರೆ. ಬೀಜಗಣಿತ ಬಿಡಿಸಿ ನೋಡಿದರೆ ಈ ಪುಡಿಯಲ್ಲಿ ಆಕ್ಸೈಡ್ ಇರುವುದು ಸುಮಾರು 170 ಮಿಲಿಗ್ರಾಂ, ಒಟ್ಟು ತೂಕದ ಮೂರನೇ ಒಂದು ಪಾಲು. ಆದರೆ ಮೆಗ್ನೀಸಿಯಮ್ ಲೆಕ್ಕದಲ್ಲಿ ಅದರದ್ದು ಮೂರರಲ್ಲಿ ಎರಡು ಪಾಲು! ಗ್ಲೈಸಿನೇಟಿನ ಹಣ ಕೊಟ್ಟು ಬಹುಪಾಲು ಆಕ್ಸೈಡನ್ನು ಮನೆಗೆ ತಂದಂತಾಯಿತು. ಇದು ವಿಷವಲ್ಲ, ಆದರೆ ಹೇಳದೆ ಮಾರುವುದು ಅನ್ಯಾಯ.

ಲೇಬಲ್ ಅಸ್ಪಷ್ಟವಾಗಿದ್ದಾಗ ಕ್ಯಾಪ್ಸೂಲಿನ ಗಾತ್ರವೂ ಸುಳಿವು ಕೊಡುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ದೊಡ್ಡ ಕ್ಯಾಪ್ಸೂಲಿನಲ್ಲಿ ಹಿಡಿಯುವ ಪುಡಿ ಹೆಚ್ಚುಕಡಿಮೆ ಮುಕ್ಕಾಲು ಗ್ರಾಂ. ಅಷ್ಟೂ ಗ್ಲೈಸಿನೇಟ್ ಆಗಿದ್ದರೂ ಅದರಲ್ಲಿ 100 ಮಿಲಿಗ್ರಾಂ ಸುಮಾರಿನ ಮೆಗ್ನೀಸಿಯಮ್ ಇದ್ದೀತು. ಒಂದೇ ಕ್ಯಾಪ್ಸೂಲಿನಲ್ಲಿ 300 ಮಿಲಿಗ್ರಾಂ ಮೆಗ್ನೀಸಿಯಮ್, ಅದೂ ಶುದ್ಧ ಗ್ಲೈಸಿನೇಟ್ ರೂಪದಲ್ಲಿ ಎಂದರೆ ನಂಬುವಂತಿಲ್ಲ. ಅಷ್ಟು ಪುಡಿಗೆ ಅದರಲ್ಲಿ ಜಾಗವೇ ಇಲ್ಲ. ದಿನಕ್ಕೆ ಎರಡು ಮೂರು ಕ್ಯಾಪ್ಸೂಲ್ ಬೇಕು ಎನ್ನುವ ಡಬ್ಬಿ ಕಿರಿಕಿರಿ ಎನಿಸಬಹುದು, ಆದರೆ ಹೆಚ್ಚಾಗಿ ನಿಜ ಹೇಳುವುದು ಅದೇ.

ಹೀರಿಕೆಯ ಮಾತು

ಆಕ್ಸೈಡಿನಲ್ಲಿ 60 ಶೇಕಡಾ ಮೆಗ್ನೀಸಿಯಮ್ ಇದ್ದರೆ ಅದನ್ನೇ ಏಕೆ ತೆಗೆದುಕೊಳ್ಳಬಾರದು? ಅದು ನೀರಿನಲ್ಲಿ ಬಹುತೇಕ ಕರಗುವುದಿಲ್ಲ, ತೊಂದರೆ ಅದು. ಜಠರದ ಆಮ್ಲದಲ್ಲಿ ಒಂದಷ್ಟು ಕರಗುತ್ತದೆ. ಆದ್ದರಿಂದ ಆಮ್ಲ ಕಡಿಮೆ ಇರುವವರಿಗೆ, ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಿಗೆ ಅದು ಇನ್ನೂ ಕಡಿಮೆ ಒದಗುತ್ತದೆ. ಹೀರಲ್ಪಡದೆ ಉಳಿದದ್ದು ಕರುಳಿನಲ್ಲಿ ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಸಡಿಲಗೊಳಿಸುತ್ತದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಕ್ಸೈಡಿನ ಹೀರಿಕೆಯನ್ನು ಬರೀ 4 ಶೇಕಡಾ ಎಂದು ಅಂದಾಜಿಸಿತ್ತು. ಈ ಸಂಖ್ಯೆಯನ್ನು ಮಾರಾಟಗಾರರು ಬಹಳ ಪ್ರೀತಿಯಿಂದ ಉಲ್ಲೇಖಿಸುತ್ತಾರೆ. ಆದರೆ ಕರುಳಿನ ಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡಿದ್ದ ರೋಗಿಗಳ ಮೇಲೆ 1994ರಲ್ಲಿ ಬೇರೆ ವಿಧಾನದಿಂದ ಅಳೆದಾಗ ಆಕ್ಸೈಡ್ ಮತ್ತು ಗ್ಲೈಸಿನೇಟ್ ಎರಡೂ ಸರಾಸರಿ 23 ಶೇಕಡಾ ಆಸುಪಾಸಿನಲ್ಲೇ ನಿಂತವು. ಹೀರಿಕೊಳ್ಳುವ ಶಕ್ತಿ ತೀರಾ ಕುಗ್ಗಿದ್ದವರಲ್ಲಿ ಮಾತ್ರ ಗ್ಲೈಸಿನೇಟ್ ಮೇಲಾಗಿ ಕಂಡಿತು. ಹೊಟ್ಟೆಗೂ ಅದೇ ಹೆಚ್ಚು ಒಗ್ಗಿತು.

ಇದರಿಂದ ನನಗೆ ತೋರುವುದಿಷ್ಟು: ಗ್ಲೈಸಿನೇಟಿನ ದೊಡ್ಡ ಗುಣ ಹೊಟ್ಟೆಯನ್ನು ಕೆಡಿಸದಿರುವುದು. ಅದು ಎಲ್ಲಕ್ಕಿಂತ ಹಲವು ಪಟ್ಟು ಹೆಚ್ಚು ಮೈಗೆ ಹತ್ತುತ್ತದೆ ಎಂಬ ಮಾತಿಗೆ ಆಧಾರ ತೆಳುವಾಗಿದೆ. ಸಿಟ್ರೇಟಿನ ಪಕ್ಷದಲ್ಲಿ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. 2003ರ ಅಧ್ಯಯನವೊಂದರಲ್ಲಿ ಆರೋಗ್ಯವಂತರಿಗೆ 60 ದಿನ ಸಿಟ್ರೇಟ್, ಅಮೈನೋ ಆಮ್ಲದೊಡನೆ ಬೆಸೆದ ರೂಪ ಮತ್ತು ಆಕ್ಸೈಡ್‌ಗಳನ್ನು ಕೊಟ್ಟು ಹೋಲಿಸಿದಾಗ ರಕ್ತದ ಮಟ್ಟ ಹೆಚ್ಚು ಏರಿದ್ದು ಸಿಟ್ರೇಟಿನಿಂದ. ಕ್ಲೋರೈಡ್, ಲ್ಯಾಕ್ಟೇಟ್, ಮ್ಯಾಲೇಟ್ ಕೂಡ ಕರಗುವ ಗುಂಪಿಗೇ ಸೇರಿದವು. ಸಿಕ್ಕರೆ ತೆಗೆದುಕೊಳ್ಳಲು ಅಡ್ಡಿಯಿಲ್ಲ.

ಥ್ರಿಯೋನೇಟ್ ಬಗ್ಗೆ ಪ್ರತ್ಯೇಕವಾಗಿ ಕೇಳುವವರು ಬಹಳ. ಮೆದುಳಿಗೆ ನೇರವಾಗಿ ತಲುಪುತ್ತದೆ, ನೆನಪಿನ ಶಕ್ತಿ ಹೆಚ್ಚಿಸುತ್ತದೆ ಎಂಬ ಪ್ರಚಾರದ ಮೂಲ 2010ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನ. ಮನುಷ್ಯರ ಮೇಲಿನ ಪ್ರಯೋಗಗಳು ಚಿಕ್ಕವು. ಅದರಲ್ಲಿರುವ ಮೆಗ್ನೀಸಿಯಮ್ 8 ಶೇಕಡಾ ಎಂಬುದನ್ನು ನೆನಪಿಡಿ: ದೇಹದ ಕೊರತೆ ತುಂಬಲು ಇದು ದುಬಾರಿಯೂ ದುರ್ಬಲವೂ ಆದ ದಾರಿ. ಮರೆವಿನ ಭಯದಲ್ಲಿರುವ ಹಿರಿಯರಿಗೆ ಇದನ್ನು ಆಸೆ ತೋರಿಸಿ ಮಾರುವುದನ್ನು ಕಂಡರೆ ನನಗೆ ನೋವಾಗುತ್ತದೆ. ಚರ್ಮಕ್ಕೆ ಸಿಂಪಡಿಸುವ ದ್ರಾವಣ, ಎಪ್ಸಮ್ ಲವಣದ ಸ್ನಾನ ಇವು ಮೈಗೆ ಹಿತವೆನಿಸಬಹುದು, ಆದರೆ ಚರ್ಮದ ಮೂಲಕ ಲೆಕ್ಕಕ್ಕೆ ಬರುವಷ್ಟು ಮೆಗ್ನೀಸಿಯಮ್ ಒಳಸೇರುತ್ತದೆ ಎನ್ನಲು ನಂಬತಕ್ಕ ಆಧಾರವಿಲ್ಲ.

ರೂಪ ಯಾವುದೇ ಇರಲಿ, ಒಮ್ಮೆಗೆ ತೆಗೆದುಕೊಳ್ಳುವ ಪ್ರಮಾಣ ಹೆಚ್ಚಿದಂತೆ ಅದರಲ್ಲಿ ಹೀರಲ್ಪಡುವ ಪಾಲು ಇಳಿಯುತ್ತದೆ. 200 ಮಿಲಿಗ್ರಾಂ ಬೇಕಿದ್ದರೆ ಬೆಳಿಗ್ಗೆ 100, ರಾತ್ರಿ 100 ಎಂದು ಊಟದ ಜೊತೆ ಹಂಚಿಕೊಳ್ಳಿ. ದುಬಾರಿ ರೂಪದ ಬೆನ್ನು ಹತ್ತುವುದಕ್ಕಿಂತ ಈ ಅಭ್ಯಾಸದಿಂದಲೇ ಹೆಚ್ಚು ಪ್ರಯೋಜನ ಸಿಕ್ಕೀತು, ಹೊಟ್ಟೆಯೂ ಶಾಂತವಾಗಿರುತ್ತದೆ.

ಶುದ್ಧತೆ ಎಂದರೆ ಇನ್ನೊಂದು ಆತಂಕವೂ ಇದೆ: ಸೀಸ, ಆರ್ಸೆನಿಕ್, ಕ್ಯಾಡ್ಮಿಯಮ್, ಪಾದರಸ. ಖನಿಜಗಳಿಂದ ತಯಾರಾಗುವ ಪೂರಕಗಳಲ್ಲಿ ಇವು ಸೂಕ್ಷ್ಮ ಪ್ರಮಾಣದಲ್ಲಿ ಉಳಿಯಬಹುದು. ಇದನ್ನು ಬಣ್ಣ ನೋಡಿಯೋ ರುಚಿ ನೋಡಿಯೋ ತಿಳಿಯಲಾಗದು. ಪ್ರಯೋಗಾಲಯದ ಪರೀಕ್ಷೆಯೇ ಬೇಕು. ತಯಾರಕರ ಹಂಗಿಲ್ಲದ ಸಂಸ್ಥೆಯ ಮುದ್ರೆ ಇದೆಯೇ ನೋಡಿ. ಯುಎಸ್‌ಪಿ ಮತ್ತು ಎನ್‌ಎಸ್‌ಎಫ್ ಅಂಥ ಎರಡು ಹೆಸರುಗಳು; ಲೇಬಲ್ಲಿನಲ್ಲಿ ಬರೆದಷ್ಟೇ ಮಾತ್ರೆಯಲ್ಲಿದೆಯೇ, ಬೇಡದ ಲೋಹಗಳು ಮಿತಿಯೊಳಗಿವೆಯೇ ಎಂಬುದನ್ನು ಇವು ಪರೀಕ್ಷಿಸುತ್ತವೆ. ಮುದ್ರೆ ಇಲ್ಲದಿದ್ದರೆ ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ತಿಳಿಸಿ, ಆ ಬ್ಯಾಚಿನ ಪರೀಕ್ಷಾ ವರದಿಯನ್ನು ಕಂಪನಿಯಿಂದ ಕೇಳಿ. ಕೇಳುವ ಹಕ್ಕು ನಿಮಗಿದೆ, ಒಳ್ಳೆಯ ತಯಾರಕರು ಕೊಡುತ್ತಾರೆ. ‘ಶೇಕಡಾ 100 ಶುದ್ಧ’ ಎಂಬ ಅಚ್ಚಿಗೆ ಈ ವರದಿಯ ಬೆಂಬಲ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ.

ಇನ್ನು ಪದಾರ್ಥಗಳ ಪಟ್ಟಿಯಲ್ಲಿ ‘ಮೆಗ್ನೀಸಿಯಮ್ ಸ್ಟಿಯರೇಟ್’ ಕಂಡು ಗಾಬರಿಯಾಗಬೇಡಿ. ಪುಡಿ ಯಂತ್ರಕ್ಕೆ ಅಂಟದಿರಲೆಂದು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವ ಪದಾರ್ಥ ಅದು. ಅದರಿಂದ ಕೇಡಿಲ್ಲ, ಮೆಗ್ನೀಸಿಯಮ್ ಲೆಕ್ಕಕ್ಕೂ ಅದು ಬರುವುದಿಲ್ಲ.

ಎಷ್ಟು, ಯಾರಿಗೆ, ಯಾವುದಕ್ಕೆ

ವಯಸ್ಕ ಗಂಡಸರಿಗೆ ದಿನಕ್ಕೆ 400ರಿಂದ 420, ಹೆಂಗಸರಿಗೆ 310ರಿಂದ 320 ಮಿಲಿಗ್ರಾಂ ಬೇಕೆಂದು ಅಮೆರಿಕದ ಶಿಫಾರಸು ಹೇಳುತ್ತದೆ. ಅದೇ ಶಿಫಾರಸಿನಲ್ಲಿ 350 ಮಿಲಿಗ್ರಾಂ ಮೀರಬಾರದು ಎಂಬ ಮಾತೂ ಇರುವುದರಿಂದ ಹಲವರಿಗೆ ಗೊಂದಲವಾಗುತ್ತದೆ. ಮೊದಲಿನದು ಆಹಾರವನ್ನೂ ಸೇರಿಸಿದ ಒಟ್ಟು ಅಗತ್ಯ; ಎರಡನೆಯದು ಪೂರಕ ಮತ್ತು ಔಷಧಿಗಳಿಂದ ಮಾತ್ರ ಬರುವುದಕ್ಕೆ ಇಟ್ಟ ಮೇಲ್ಮಿತಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇದನ್ನು 250ಕ್ಕೇ ನಿಲ್ಲಿಸಿದೆ. ಆಹಾರದಿಂದ ಒಂದಷ್ಟು ಹೇಗೂ ಬರುತ್ತದೆಯಾದ್ದರಿಂದ ಪೂರಕದಲ್ಲಿ 100ರಿಂದ 200 ಮಿಲಿಗ್ರಾಂ ಮೆಗ್ನೀಸಿಯಮ್ ಹೆಚ್ಚಿನವರಿಗೆ ಸಮಂಜಸ ಆರಂಭ. ಮಲ ನೀರಾದರೆ ಪ್ರಮಾಣ ಹೆಚ್ಚಾಯಿತು ಎಂದು ತಿಳಿದು ಇಳಿಸಿ.

ರಕ್ತಪರೀಕ್ಷೆ ಸಹಜವಾಗಿದೆ ಎಂದಮಾತ್ರಕ್ಕೆ ಕೊರತೆ ಇಲ್ಲವೆಂದು ಖಚಿತವಾಗಿ ಹೇಳಲಾಗದು. ದೇಹದಲ್ಲಿರುವ ಸುಮಾರು 25 ಗ್ರಾಂ ಮೆಗ್ನೀಸಿಯಮ್‌ನಲ್ಲಿ ರಕ್ತದ್ರವದಲ್ಲಿರುವುದು 1 ಶೇಕಡಾಕ್ಕಿಂತ ಕಡಿಮೆ. ಅರ್ಧಕ್ಕೂ ಹೆಚ್ಚು ಮೂಳೆಯಲ್ಲಿದೆ. ದೀರ್ಘಕಾಲದ ಭೇದಿ, ಮದ್ಯದ ಚಟ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕೆಲವು ಮೂತ್ರವರ್ಧಕಗಳು, ಒಮೆಪ್ರಜೋಲ್‌ನಂಥ ಆಮ್ಲನಿರೋಧಕ ಮಾತ್ರೆಯ ವರ್ಷಗಟ್ಟಲೆ ಬಳಕೆ ಇವುಗಳಲ್ಲಿ ಯಾವುದಾದರೂ ಇದ್ದರೆ ಕೊರತೆಯ ಸಾಧ್ಯತೆ ಹೆಚ್ಚು. ಅಂಥವರು ತಾವಾಗಿಯೇ ಡಬ್ಬಿ ಆರಿಸುವ ಮೊದಲು ವೈದ್ಯರೊಡನೆ ಮಾತನಾಡಬೇಕು.

ಕೆಲಸ ಮಾಡುತ್ತದೆಯೇ ಎಂಬುದು ಯಾವ ತೊಂದರೆಗೆ ಎಂಬುದರ ಮೇಲೆ ನಿಂತಿದೆ. ಮಲಬದ್ಧತೆಗೆ ಖಂಡಿತ ಮಾಡುತ್ತದೆ, ಅದಕ್ಕೆ ಅಗ್ಗದ ಆಕ್ಸೈಡೇ ಸಾಕು. ಮೈಗ್ರೇನ್ ತಡೆಯಲು ಒಂದಷ್ಟು ಆಧಾರವಿದೆ, ಆದರೆ ಅಲ್ಲಿ ಬಳಸುವ ಪ್ರಮಾಣ ಮೇಲ್ಮಿತಿಯನ್ನು ದಾಟುವುದರಿಂದ ವೈದ್ಯರ ನಿಗಾ ಬೇಕು. ರಕ್ತದೊತ್ತಡ ಇಳಿಯುವುದು ಅತ್ಯಲ್ಪ. ವಯಸ್ಸಾದವರ ಕಾಲಿನ ಸೆಳೆತಕ್ಕೆ ಇದು ಅಷ್ಟಾಗಿ ಒದಗುವುದಿಲ್ಲವೆಂದು ಹಲವು ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ತೂಗಿದ 2020ರ ಕಾಕ್ರೇನ್ ವಿಮರ್ಶೆ ಕಂಡುಕೊಂಡಿದೆ. ನಿದ್ರೆಯ ವಿಷಯದಲ್ಲಿ ಪುರಾವೆ ಇನ್ನೂ ದುರ್ಬಲ. ಕೊರತೆ ಇದ್ದವರಿಗೆ ನೆರವಾದೀತು, ಎಲ್ಲರಿಗೂ ಅಲ್ಲ.

ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಯಾವ ರೂಪವನ್ನೂ ಮುಟ್ಟಬಾರದು. ಹೆಚ್ಚಾದ ಮೆಗ್ನೀಸಿಯಮ್ ಅನ್ನು ಹೊರಹಾಕುವುದು ಮೂತ್ರಪಿಂಡಗಳೇ. ಅವು ಸೋತಿದ್ದರೆ ಅದು ರಕ್ತದಲ್ಲಿ ಶೇಖರವಾಗಿ, ವಾಕರಿಕೆ, ಮಂಪರು, ಸ್ನಾಯುಗಳ ನಿಶ್ಶಕ್ತಿಯಿಂದ ಶುರುವಾಗಿ ಹೃದಯದ ಬಡಿತವೇ ತಪ್ಪುವವರೆಗೆ ಹೋಗಬಹುದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಮೆಗ್ನೀಸಿಯಮ್‌ಗೂ ನಡುವೆ ಕನಿಷ್ಠ 4 ಗಂಟೆ ಬಿಡಬೇಕು. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್ ಆದರೆ ಅದನ್ನು ಮೆಗ್ನೀಸಿಯಮ್‌ಗಿಂತ 2 ಗಂಟೆ ಮೊದಲು ಅಥವಾ 4ರಿಂದ 6 ಗಂಟೆ ನಂತರ ನುಂಗಬೇಕು, ಇಲ್ಲವಾದರೆ ಎರಡೂ ಕರುಳಿನಲ್ಲಿ ಅಂಟಿಕೊಂಡು ಔಷಧಿಯ ಬಲ ಕುಂದುತ್ತದೆ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಮಾತ್ರೆಗೂ 2 ಗಂಟೆಯ ಅಂತರ ಇರಲಿ. ದಿನವೂ ನುಂಗುವ ಎಲ್ಲ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಮೆಗ್ನೀಸಿಯಮ್ ಶುರು ಮಾಡುವ ಮೊದಲೇ ವೈದ್ಯರಿಗೋ ಔಷಧಿ ಕೊಡುವವರಿಗೋ ತೋರಿಸಿ ಹೊತ್ತು ನಿಗದಿ ಮಾಡಿಸಿಕೊಳ್ಳಿ.